ತೋಟದವನಿಗೆ ಸೊಪ್ಪು, ಕೇರಿಯವನಿಗೆ ನೋಟೀಸು

ಸರ್ಕಾರದ ಕಾಗದಕ್ಕೆ ಒಂದು ಗುಣವಿದೆ. ಬಡವನ ಮನೆಗೆ ಬರುವಾಗ ಅದು ಓಡಿ ಬರುತ್ತದೆ. ಬಡವ ಅದನ್ನು ಹುಡುಕಿಕೊಂಡು ಹೋದರೆ ಕೂತಲ್ಲೇ ಕೂತಿರುತ್ತದೆ. ಸಾಗುವಳಿ ಚೀಟಿಗೆ ಅಪ್ಪ ಅರ್ಜಿ ಹಾಕಿ, ಮಗ ಅಲೆದು, ಮೊಮ್ಮಗ ಕಾಯುತ್ತಿರುತ್ತಾನೆ. ಅದೇ ಮೊಮ್ಮಗ ಒಂದು ಹೊರೆ ಹಸಿ ಸೌದೆ ಕಡಿದ ಅಂತ ಗಾರ್ಡು ಬರೆದುಕೊಂಡರೆ ಸಾಕು, ನೋಟೀಸು ಕೇರಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಮೀಸಲು ಅರಣ್ಯದಲ್ಲಿ ಮರಗಳಿಗೆ ಹಾನಿ ಮಾಡಿದ್ದೀರಿ, ಇಂಥ ದಿನ ರೇಂಜ್ ಆಫೀಸಿಗೆ ಹಾಜರಾಗಿ.

ಈ ನೋಟೀಸಿನ ಬಗ್ಗೆಯೇ ನಾವು ಇವತ್ತು ಮಾತಾಡಬೇಕಾಗಿದೆ. ಯಾಕೆಂದರೆ ಇದನ್ನು ನಮ್ಮ ಜನ ಓದುವುದಿಲ್ಲ, ಹೆದರುತ್ತಾರೆ. ಹೆದರಿ ಹೆಬ್ಬೆಟ್ಟು ಒತ್ತುತ್ತಾರೆ. ಒತ್ತಿದ ಮೇಲೆ ಸಾಲ ಮಾಡಿ ದಂಡ ಕಟ್ಟುತ್ತಾರೆ. ಕಟ್ಟಿದ ಮೇಲೆ ಕಳ್ಳರಾಗುತ್ತಾರೆ.

ಕಾನೂನು ಏನು ಹೇಳುತ್ತದೆ, ಮೊದಲು ಅದನ್ನೇ ನೋಡೋಣ. 1927ರಲ್ಲಿ ಬ್ರಿಟಿಷರು ಮಾಡಿದ ಭಾರತೀಯ ಅರಣ್ಯ ಕಾನೂನಿನ 26ನೇ ಕಲಮು ಮೀಸಲು ಅರಣ್ಯದಲ್ಲಿ ಮರ ಕಡಿಯುವುದು, ಸುತ್ತ ತೊಗಟೆ ಕೆತ್ತುವುದು, ಕೊಂಬೆ ಸವರುವುದು, ಅಂಟು ಇಳಿಸುವುದು, ಸುಡುವುದು, ಎಲೆ ಬಿಡಿಸುವುದು ಎಲ್ಲವನ್ನೂ ಗುನ್ನೆ ಎಂದು ಸಾಲಾಗಿ ಬರೆದಿದೆ. ನಾವು ಸ್ವತಂತ್ರರಾದೆವು. 1963ರಲ್ಲಿ ನಮ್ಮದೇ ಅರಣ್ಯ ಕಾಯ್ದೆ ಬಂತು. ಅದರ 24ನೇ ಕಲಮು ತೆಗೆದು ನೋಡಿ, ಬಿಳಿಯ ದೊರೆಯ ಪಟ್ಟಿಯೇ ಅಂಗಿ ಬದಲಾಯಿಸಿಕೊಂಡು ಕೂತಿದೆ. ಇನ್ನೊಂದು ಕಲಮು ಇದಕ್ಕಿಂತ ಚಂದ. ಕೇಸು ನಡೆಯುವಾಗ ಆ ಸೌದೆ ಯಾರದ್ದು ಅನ್ನುವ ಪ್ರಶ್ನೆ ಬಂದರೆ, ಅದು ಸರ್ಕಾರದ್ದೆಂದೇ ಭಾವಿಸಬೇಕಂತೆ. ಅಲ್ಲವೆಂದು ತೋರಿಸುವ ಹೊಣೆ ಹೊರೆ ಹೊತ್ತವನದು. ತಲೆಯ ಮೇಲಿನ ಹೊರೆಯ ಜೊತೆಗೆ ಸಾಕ್ಷಿಯ ಹೊರೆಯನ್ನೂ ಅವನೇ ಹೊರಬೇಕು.

ಸರಿ ಸ್ವಾಮಿ, ಕಾನೂನು ಎಲ್ಲರಿಗೂ ಒಂದೇ ತಾನೆ ಅಂತ ಕೇಳುತ್ತೀರಿ. ಒಂದೇ ಅಲ್ಲ.

ಉತ್ತರ ಕನ್ನಡಕ್ಕೆ ಬನ್ನಿ. ಅಲ್ಲಿ ಸೊಪ್ಪಿನ ಬೆಟ್ಟ ಅಂತ ಇದೆ. ಕಾಡಿನ ಭಾಗವೇ ಅದು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟವಿದ್ದವನಿಗೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು. ಮರದ ಕೊಂಬೆ ಸವರಿ ಸೊಪ್ಪು ತಂದು ತೋಟಕ್ಕೆ ಹಾಕಬಹುದು, ದರಕು ಗುಡಿಸಬಹುದು. ದಕ್ಷಿಣ ಕನ್ನಡದಲ್ಲಿ ಇದರ ಅಣ್ಣತಮ್ಮ ಕುಮ್ಕಿ. ಹಳೆಯ ವರ್ಗ ಜಮೀನಿದ್ದವನಿಗೆ ಅದರ ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಸೌದೆ ತರುವ ಸವಲತ್ತು. ಕೊಡಗಿನಲ್ಲಿ ಗದ್ದೆಯ ಜೊತೆಗೆ ಬಾಣೆ. ಇವೆಲ್ಲಾ ಕಾನೂನಿನ ಪುಸ್ತಕದಲ್ಲೇ ಇವೆ.

ಗಮನಿಸಿ ಗೆಳೆಯರೇ, ಈ ಸವಲತ್ತುಗಳೆಲ್ಲಾ ಹುಟ್ಟಿದ್ದು ಮನುಷ್ಯನಿಗಲ್ಲ, ಜಮೀನಿಗೆ. ತೋಟವಿದ್ದರೆ ಬೆಟ್ಟ, ವರ್ಗವಿದ್ದರೆ ಕುಮ್ಕಿ, ಗದ್ದೆಯಿದ್ದರೆ ಬಾಣೆ. ಜಮೀನೇ ಇಲ್ಲದವನಿಗೆ? ಜಮೀನು ಇಟ್ಟುಕೊಳ್ಳುವುದಕ್ಕೇ ಬಿಡದೆ ತಲೆಮಾರುಗಟ್ಟಲೆ ಜೀತಕ್ಕಿಟ್ಟವನಿಗೆ? ಅವನಿಗೆ ನೋಟೀಸು. ತೋಟದ ಒಡೆಯನ ಕೂಲಿಯಾಗಿ ಹಗಲು ಮರ ಹತ್ತಿ ಸೊಪ್ಪು ಸವರಿದರೆ ಅದು ಸವಲತ್ತು. ಅದೇ ಕೂಲಿ ಸಂಜೆ ತನ್ನ ಒಲೆಗೆ ಒಂದು ಕೊಂಬೆ ಸವರಿದರೆ ಅದು ಗುನ್ನೆ. ಕೈ ಅದೇ, ಕತ್ತಿ ಅದೇ, ಮರವೂ ಅದೇ ಜಾತಿಯದು. ಮನುಷ್ಯನ ಜಾತಿ ಮಾತ್ರ ಬೇರೆ. ಅರಣ್ಯ ಕಾನೂನಿನಲ್ಲಿ ಜಾತಿಯ ಹೆಸರು ಎಲ್ಲೂ ಇಲ್ಲ ಅಂತಾರೆ. ಹೌದು, ಬರೆದಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ. ಜಮೀನಿನ ಪಹಣಿಯೇ ಆ ಕೆಲಸ ಮಾಡಿಕೊಟ್ಟಿತು. ನಾವು ಅಡಿಕೆ ಬೆಳೆಗಾರರ ಸೊಪ್ಪು ಕಿತ್ತುಕೊಳ್ಳಿ ಅಂತ ಹೇಳುತ್ತಿಲ್ಲ. ತೋಟಕ್ಕೆ ಇರುವ ಹಸಿವಿನಷ್ಟಾದರೂ ಹೊಟ್ಟೆಗೂ ಇದೆ ಅಂತ ಒಪ್ಪಿಕೊಳ್ಳಿ ಅಂತ ಹೇಳುತ್ತಿದ್ದೇವೆ.

1927 ಅಂದೆವು. ಅದೇ ವರ್ಷದ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ಅದು ಸಾರ್ವಜನಿಕ ಕೆರೆ. ಪುರಸಭೆ ಎಲ್ಲರಿಗೂ ತೆರೆದಿದ್ದೇವೆ ಅಂತ ಕಾಗದದಲ್ಲಿ ಬರೆದಿತ್ತು. ದನ ಕುಡಿಯಬಹುದಿತ್ತು, ದಲಿತ ಕುಡಿಯುವ ಹಾಗಿರಲಿಲ್ಲ. ಅವತ್ತು ಬಾಬಾಸಾಹೇಬರು ಎತ್ತಿದ ಪ್ರಶ್ನೆ ಬರೀ ನೀರಿನದಲ್ಲ. ಸಾರ್ವಜನಿಕ ಅಂದರೆ ಯಾರು ಅನ್ನುವುದು. ಅದೇ ವರ್ಷ ಹುಟ್ಟಿದ ಅರಣ್ಯ ಕಾನೂನಿನ ಮುಂದೆಯೂ ನಾವು ಇದೇ ಪ್ರಶ್ನೆ ಇಡಬೇಕು. ಸಾರ್ವಜನಿಕ ಭೂಮಿ ಅಂತೀರಲ್ಲ, ಆ ಸಾರ್ವಜನಿಕರ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿದೆ?

ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ತಿಳಿಯಲು ದಾಂಡೇಲಿಗೆ ಹೋಗಬೇಕು. 1950ರ ದಶಕದ ಕೊನೆಗೆ ಅಲ್ಲಿ ಕಾಗದದ ಕಾರ್ಖಾನೆ ಬಂದಾಗ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟರು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರ ಅದೇ ಬಿದಿರಿಗೆ ಕೊಡಬೇಕಿದ್ದ ಬೆಲೆಯ ಪಕ್ಕದಲ್ಲಿಟ್ಟರೆ ಅದು ಬೆಲೆಯೇ ಅಲ್ಲ, ದಾನ. ಬಿದಿರು ಕಾಡಿನಿಂದ ಲಾರಿಯಲ್ಲಿ ಹೋದರೆ ಅಭಿವೃದ್ಧಿ, ಮೇದಾರನ ಹೆಗಲ ಮೇಲೆ ಹೋದರೆ ಕಳವು. ಬಳ್ಳಾರಿಯ ಗುಡ್ಡಗಳ ಕತೆ ನಿಮಗೆ ಗೊತ್ತೇ ಇದೆ. ಅಕ್ರಮ ಗಣಿಗಾರಿಕೆಯಿಂದ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರಲ್ಲಿ ವರದಿ ಕೊಟ್ಟರು. ಕಾಡಿನ ಬೆಟ್ಟಗಳೇ ಲಾರಿ ಹತ್ತಿ ಬಂದರಿಗೆ ಹೋಗುತ್ತಿದ್ದಾಗ ನೋಟೀಸು ಬರೆಯುವ ಪೆನ್ನಿನಲ್ಲಿ ಇಂಕು ಇರಲಿಲ್ಲವೇ?

ಲೆಕ್ಕ ಸರಳವಾಗಿದೆ. ಕಂಪನಿ ಮರ ಕಡಿಯುವ ಮೊದಲು ಹಣ ಕಟ್ಟುತ್ತದೆ, ಅದಕ್ಕೆ ಪರವಾನಗಿ ಅನ್ನುತ್ತಾರೆ. ಬಡವ ಕಡಿದ ಮೇಲೆ ಹಣ ಕಟ್ಟುತ್ತಾನೆ, ಅದಕ್ಕೆ ದಂಡ ಅನ್ನುತ್ತಾರೆ. ಮರಕ್ಕೇನೋ ಎರಡೂ ಒಂದೇ.

ಕಾಡು ಉಳಿಯಬೇಡವೇ ಅಂತ ಪಟ್ಟಣದ ಗೆಳೆಯರು ಕೇಳುತ್ತಾರೆ. ಉಳಿಯಲೇಬೇಕು. ಕಾಡು ಹೋದರೆ ಮೊದಲು ನೀರಿಲ್ಲದೆ ಸಾಯುವವರು ನಾವು, ಕೊನೆಗೆ ಟ್ಯಾಂಕರು ಬರುವುದೂ ನಮ್ಮ ಕೇರಿಗೆ. ನಮ್ಮವರಲ್ಲೂ ಟಿಂಬರ್ ವ್ಯಾಪಾರಿಯ ಕೂಲಿಗೆ ಹೋಗಿ ಬೀಟೆ, ತೇಗ ಉರುಳಿಸುವವರಿದ್ದಾರೆ. ಅವರಿಗೆ ನಾವು ನೇರವಾಗಿ ಹೇಳುತ್ತೇವೆ: ಆ ಕೆಲಸ ಬಿಡಿ. ಕೊಡಲಿ ಹಿಡಿದವನು ಸಿಕ್ಕಿಬೀಳುತ್ತಾನೆ, ಲಾರಿ ಕಳಿಸಿದವನು ಸಿಗುವುದಿಲ್ಲ. ನಾಳೆ ಆ ಬೋಳು ಗುಡ್ಡದ ಕೆಳಗೆ ಬದುಕಬೇಕಾದವರು ನಿಮ್ಮ ಮಕ್ಕಳೇ ಹೊರತು ಅವನ ಮಕ್ಕಳಲ್ಲ.

ಗಿಡ ಕಿತ್ತು ಕಾಡು ಉಳಿಸಿದ ಜನವೂ ಇದೇ ನಾಡಿನಲ್ಲಿದ್ದಾರೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಊರ ಭೂಮಿಯಲ್ಲಿ ಸುಮಾರು 30,000 ಹೆಕ್ಟೇರಿನಷ್ಟನ್ನು ನೀಲಗಿರಿ ಬೆಳೆಯಲು ಅದಕ್ಕೆ ಒಪ್ಪಿಸುವುದೆಂದಾಯಿತು. 1986ರಲ್ಲಿ ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಸೇರಿ ಕಂಪನಿಯ ನೀಲಗಿರಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ಅದಕ್ಕೆ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತಲೇ ಹೆಸರಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಸರ್ಕಾರಕ್ಕೆ ಅನಿವಾರ್ಯವಾಯಿತು. ಕಾನೂನಿನ ಕಣ್ಣಿನಲ್ಲಿ ಅವರು ಮಾಡಿದ್ದು ಗಿಡಗಳಿಗೆ ಹಾನಿ. ಜನರ ಕಣ್ಣಿನಲ್ಲಿ ಅದು ಭೂಮಿಯನ್ನು ಉಳಿಸಿಕೊಂಡದ್ದು.

ಈಗ ಕೈಯಲ್ಲಿರುವ ಆಯುಧಕ್ಕೆ ಬರೋಣ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ನಂಬಿದವರಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡ ಕಾನೂನು. ಬಿದಿರು, ಪುರುಳೆ, ಮೋಟು, ಜೇನು, ಗೆಡ್ಡೆಗೆಣಸು, ಇವೆಲ್ಲಾ ಕಿರು ಅರಣ್ಯ ಉತ್ಪನ್ನ. ಹಕ್ಕು ಪಡೆದವರು ಸಂಗ್ರಹಿಸಬಹುದು, ಮಾರಬಹುದು. ಮರ ಕಡಿದು ಮಾರುವ ಹಕ್ಕನ್ನು ಇದು ಕೊಟ್ಟಿಲ್ಲ, ನಾವು ಕೇಳುತ್ತಲೂ ಇಲ್ಲ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಇದರ 4ನೇ ಕಲಮು ಹೇಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಕಾಡಿನೊಳಗೇ ಸಮುದಾಯದ ಹಕ್ಕು ಪಡೆದರು.

ಆದರೆ ದಲಿತರಿಗೆ ಇದರಲ್ಲೂ ಒಂದು ಮುಳ್ಳಿಟ್ಟಿದ್ದಾರೆ. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಸಾಕ್ಷಿ ಕೊಡಬೇಕು. ನಮ್ಮ ಅಜ್ಜನಿಗೆ ಪಹಣಿ ಕೊಟ್ಟವರ್ಯಾರು? ಶಾಲೆಯ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡವರ್ಯಾರು? ಕಾಗದದಿಂದ ನಮ್ಮನ್ನು ಆಚೆ ಇಟ್ಟವರೇ ಇವತ್ತು ಕಾಗದ ತೋರಿಸು ಅಂತಾರೆ. ಅದಕ್ಕೂ ಒಂದು ಉತ್ತರ ನಿಯಮದಲ್ಲೇ ಇದೆ. ಹಿರಿಯರ ಹೇಳಿಕೆಯೂ ಸಾಕ್ಷಿ, ಸಮಾಧಿ, ಹಳೆಯ ಬಾವಿ, ದೇವರ ಕಲ್ಲು, ಮನೆಯ ಪಾಯ ಕೂಡ ಸಾಕ್ಷಿ. ಯಾರೂ ಇದನ್ನು ಕೇರಿಗೆ ಬಂದು ಹೇಳಲಿಲ್ಲ.

ಆದ್ದರಿಂದ ನೋಟೀಸು ಬಂದಾಗ ಮಾಡಬೇಕಾದ್ದನ್ನು ನಾವೇ ಹೇಳುತ್ತೇವೆ.

ಮೊದಲು, ಓದದೆ ಹೆಬ್ಬೆಟ್ಟು ಒತ್ತಬೇಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಅರಣ್ಯಾಧಿಕಾರಿ ಪೊಲೀಸನಲ್ಲ ಎಂದು ತೀರ್ಪುಗಳು ಬಂದಿವೆ. ಅವರ ಮುಂದೆ ಒತ್ತಿದ ಹೆಬ್ಬೆಟ್ಟು ನಿಮ್ಮ ಕುತ್ತಿಗೆಗೇ ಬರುತ್ತದೆ. ಆದರೆ ನೋಟೀಸನ್ನು ಒಲೆಗೂ ಹಾಕಬೇಡಿ, ವಾಯಿದೆಗೆ ತಪ್ಪಿಸಿಕೊಳ್ಳಲೂ ಬೇಡಿ. ಒಬ್ಬರೇ ಹೋಗಬೇಡಿ, ಓದು ಬಲ್ಲ ಇಬ್ಬರ ಜೊತೆ ಹೋಗಿ.

ಎರಡನೆಯದು, ಪ್ರಶ್ನೆ ಕೇಳಿ. ಯಾವ ಸರ್ವೆ ನಂಬರು? ಯಾವ ಮರ, ಎಷ್ಟು ಸುತ್ತಳತೆ? ಮಹಜರು ಎಲ್ಲಿ ಕೂತು ಬರೆದಿರಿ, ಕಾಡಿನಲ್ಲೋ ಆಫೀಸಿನಲ್ಲೋ? ಪಂಚರು ಯಾರು? ಆ ಜಾಗ 4ನೇ ಕಲಮಿನದೋ 17ನೇ ಕಲಮಿನದೋ? ನಾಲ್ಕು ಅಂದರೆ ಮೀಸಲು ಮಾಡಬೇಕೆಂದಿದ್ದೇವೆ ಎಂದು. ಹದಿನೇಳು ಅಂದರೆ ಮಾಡಿ ಮುಗಿಸಿದ್ದೇವೆ ಎಂದು. ಇವೆರಡರ ನಡುವೆ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕನ್ನು ವಿಚಾರಿಸಲೇಬೇಕು. ನಿಮ್ಮ ಊರಲ್ಲಿ ವಿಚಾರಿಸಿದರೇ? 2005ರ ಮಾಹಿತಿ ಹಕ್ಕಿನಲ್ಲಿ ಎಲ್ಲದರ ನಕಲು ಕೇಳಿ. ಬಿಪಿಎಲ್ ಕಾರ್ಡಿದ್ದರೆ ಅರ್ಜಿಗೆ ಶುಲ್ಕವಿಲ್ಲ.

ಮೂರನೆಯದು, ರಾಜಿ ದಂಡ ಅಂದಾಗ ನಿಲ್ಲಿ. ಅದು ನ್ಯಾಯಾಧೀಶರ ತೀರ್ಪಲ್ಲ. ಗುನ್ನೆಯ ಅನುಮಾನದ ಮೇಲೆ ಅಧಿಕಾರಿಯೇ ಹಣ ಪಡೆದು ಕೇಸು ಮುಗಿಸುವ ದಾರಿ. ಕಟ್ಟುವುದೇ ಮೇಲು ಅನ್ನುವ ಸಂದರ್ಭವೂ ಇರಬಹುದು. ಆಗ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಪ್ಪು ಮಾಡಿಲ್ಲದಿದ್ದರೆ ಕೋರ್ಟಿಗೆ ಹೋಗೋಣ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಆ ಆಫೀಸಿದೆ.

ನಾಲ್ಕನೆಯದು, ಒಬ್ಬನ ನೋಟೀಸನ್ನು ಊರಿನ ನೋಟೀಸು ಮಾಡಿ. ಗ್ರಾಮಸಭೆಯಲ್ಲಿ ಓದಿಸಿ, ಅರಣ್ಯ ಹಕ್ಕು ಸಮಿತಿ ಎಲ್ಲಿ ಮಲಗಿದೆ ಅಂತ ಕೇಳಿ, ಸಮುದಾಯದ ಹಕ್ಕಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸವಲತ್ತು ಜಮೀನಿಗಲ್ಲ, ಊರಿನಲ್ಲಿ ಒಲೆ ಹಚ್ಚುವ ಪ್ರತಿ ಮನೆಗೆ ಎಂದು ಠರಾವು ಮಾಡಿಸಿ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಈ ಕೊನೆಯ ಮಾತು ನಿಮಗೆ. ವನಮಹೋತ್ಸವದ ದಿನ ಮಕ್ಕಳ ಕೈಲಿ ಗಿಡ ಹಿಡಿಸಿ ಫೋಟೋ ತೆಗೆಸುತ್ತೀರಿ, ಒಳ್ಳೆಯದು. ಆ ಮಕ್ಕಳಲ್ಲಿ ಕೆಲವರ ಅವ್ವಂದಿರ ಹೆಸರು ರೇಂಜ್ ಆಫೀಸಿನ ಗುನ್ನೆ ಪುಸ್ತಕದಲ್ಲಿದೆ. ಗಿಡ ನೆಡುವ ಕೈ ಮಗುವಿನದು, ಗಿಡ ಕಡಿದ ಕೈ ತಾಯಿಯದು ಅಂತ ಆ ಮಗುವಿಗೆ ಪಾಠ ಆಗಬಾರದು. ಅಕ್ಷರ ಬಲ್ಲ ನೀವು ಸಂಜೆ ಒಂದು ಗಂಟೆ ಕೇರಿಗೆ ಬನ್ನಿ, ನೋಟೀಸನ್ನು ಗಟ್ಟಿಯಾಗಿ ಓದಿ ಹೇಳಿ. ಉತ್ತರ ಬರೆಯಲು ಕೈ ಕೊಡಿ. ಕಾಗದಕ್ಕೆ ನಮ್ಮ ಜನ ಹೆದರುವುದು ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದಿರುವ ತನಕ ಮಾತ್ರ.