ಎದೆನೋವು ಮಾತ್ರೆಗೆ ಬಗ್ಗೀತೇ?

ಬಿಳಿಚೋಡಿನ ಅರವತ್ತೆಂಟು ವರ್ಷದ ರೈತರೊಬ್ಬರಿಗೆ ಬೆಳಗಿನ ಜಾವ ಹಾಸಿಗೆಯಲ್ಲಿದ್ದಾಗಲೇ ಎದೆ ಹಿಂಡಿದಂತಾಯಿತು ಎಂದುಕೊಳ್ಳಿ. ಹತ್ತು ನಿಮಿಷದಲ್ಲಿ ನೋವು ತಾನಾಗಿಯೇ ಇಳಿಯಿತು. ಸಂಜೆ ಮತ್ತೆ ಬಂತು. ಆಸ್ಪತ್ರೆಯಲ್ಲಿ ನಾಲಿಗೆಯಡಿ ಮಾತ್ರೆ ಇಟ್ಟಾಗ ಹೋಯಿತು. ಇಸಿಜಿಯಲ್ಲೂ ದೋಷ ಕಾಣಲಿಲ್ಲ. ‘ಗ್ಯಾಸ್ ಇರಬೇಕು, ಮೆಕ್ಕೆಜೋಳದ ಕೊಯ್ಲು ಮುಗಿಯಲಿ, ಆಮೇಲೆ ದಾವಣಗೆರೆಗೆ ಹೋಗಿ ತೋರಿಸೋಣ’ ಎಂದು ಮನೆಯವರು ಹೊರಟೇಬಿಡುತ್ತಾರೆ. ಅಪಾಯ ಇರುವುದೇ ಇಲ್ಲಿ.

ಶ್ರಮಪಟ್ಟಾಗ ಬಂದು ವಿಶ್ರಾಂತಿಯಿಂದ ಇಳಿಯುವುದು ಸಾಮಾನ್ಯ ಹೃದಯಶೂಲೆ. ಸುಮ್ಮನಿದ್ದಾಗಲೂ ಬರುವ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಅಸ್ಥಿರ ಹೃದಯಶೂಲೆ. ವೈದ್ಯರ ಮಾತಿನಲ್ಲಿ ಅನ್‌ಸ್ಟೇಬಲ್ ಆಂಜೈನಾ. ಹೃದಯಕ್ಕೆ ರಕ್ತ ಒಯ್ಯುವ ಕೊಳವೆಯ ಒಳಗೋಡೆಯಲ್ಲಿ ಕೂಡಿದ ಕೊಬ್ಬು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ದಾರಿ ಅರ್ಧ ಮುಚ್ಚುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಪೂರ್ತಿ ಮುಚ್ಚಿದರೆ ಹೃದಯಾಘಾತ.

ಔಷಧಿಯಿಂದ ಇದನ್ನು ತಡೆಯಬಹುದೇ? ಬಹಳ ಮಂದಿಯಲ್ಲಿ ಖಂಡಿತ ತಡೆಯಬಹುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,266 ಪುರುಷರ ಮೇಲೆ ನಡೆದು 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಆಸ್ಪಿರಿನ್ ಹನ್ನೆರಡು ವಾರಗಳಲ್ಲಿ ಸಾವು ಮತ್ತು ಹೃದಯಾಘಾತವನ್ನು ಶೇಕಡ 10ರಿಂದ 5ಕ್ಕೆ ಇಳಿಸಿತ್ತು. ಆದರೆ ಔಷಧಿ ಎಲ್ಲರಲ್ಲೂ ಸಾಲದು. ಯಾರಲ್ಲಿ ಸಾಲದು ಎಂದು ಮೊದಲೇ ಊಹಿಸಲು 2000ದಲ್ಲಿ ‘ಟಿಮಿ’ ಎಂಬ ಅಂಕಪಟ್ಟಿ ಬಂತು. ಅದರಲ್ಲಿ ಏಳೇ ಪ್ರಶ್ನೆ, ಒಂದೊಂದು ‘ಹೌದು’ಗೂ ಒಂದು ಅಂಕ.

ವಯಸ್ಸು 65 ಅಥವಾ ಹೆಚ್ಚೇ? ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಧಿಕ ಕೊಲೆಸ್ಟರಾಲ್, ಧೂಮಪಾನ, ವಂಶದಲ್ಲಿ ಹೃದ್ರೋಗ, ಇವುಗಳಲ್ಲಿ ಮೂರಾದರೂ ಇವೆಯೇ? ಹೃದಯದ ರಕ್ತನಾಳ ಅರ್ಧದಷ್ಟಾದರೂ ಕಟ್ಟಿದೆಯೆಂದು ಹಿಂದೆ ತಿಳಿದಿತ್ತೇ? ಕಳೆದ ಏಳು ದಿನಗಳಲ್ಲಿ ಆಸ್ಪಿರಿನ್ ತೆಗೆದುಕೊಂಡಿದ್ದರೇ? 24 ಗಂಟೆಯಲ್ಲಿ ಎರಡು ಸಲವಾದರೂ ನೋವು ಬಂದಿತ್ತೇ? ಇಸಿಜಿಯಲ್ಲಿ ಎಸ್‌ಟಿ ಗೆರೆ ಸರಿದಿದೆಯೇ? ರಕ್ತದಲ್ಲಿ ಟ್ರೋಪೋನಿನ್‌ನಂಥ ಹೃದಯಹಾನಿಯ ಗುರುತು ಹೆಚ್ಚಿದೆಯೇ?

ಆಸ್ಪಿರಿನ್ ನುಂಗಿದ್ದರೆ ಅಂಕ ಏಕೆ ಏರಬೇಕು ಎನ್ನುವಿರಾ? ಮಾತ್ರೆಯಲ್ಲಿ ದೋಷವಿಲ್ಲ. ಅದರ ಕಾವಲನ್ನೂ ದಾಟಿ ನೋವು ಬಂದಿದೆಯೆಂದರೆ ರೋಗ ಬಲವಾಗಿದೆಯೆಂದು ಅರ್ಥ. ಆದ್ದರಿಂದ ಅದನ್ನು ನೀವಾಗಿ ನಿಲ್ಲಿಸಬೇಡಿ.

ಆಸ್ಪಿರಿನ್, ಹೆಪಾರಿನ್ ಪಡೆಯುತ್ತಿದ್ದ ರೋಗಿಗಳಲ್ಲೇ, ಸೊನ್ನೆ ಅಥವಾ ಒಂದು ಅಂಕವಿದ್ದವರಲ್ಲಿ ನೂರಕ್ಕೆ ಸುಮಾರು 5 ಮಂದಿ 14 ದಿನಗಳಲ್ಲಿ ಸಾವು, ಹೃದಯಾಘಾತ ಇಲ್ಲವೇ ತುರ್ತು ಆಂಜಿಯೋಪ್ಲಾಸ್ಟಿ, ಬೈಪಾಸ್‌ಗೆ ಗುರಿಯಾದರು. ಮೂರು ಅಂಕದವರಲ್ಲಿ ಇದು 13. ಆರು, ಏಳು ಅಂಕದವರಲ್ಲಿ 41. ನಮ್ಮ ರೈತರಿಗೆ ಬೀಡಿ, ಬಿ.ಪಿ., ಸಕ್ಕರೆ ಮೂರೂ ಇದ್ದರೆ, ಯಂತ್ರ ಮುಟ್ಟುವ ಮೊದಲೇ ಮೂರು ಅಂಕ!

ಗಮನಿಸಿ, ಏಳರಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ಮನೆಯವರ ಬಳಿಯೇ ಇದೆ. ‘ಮಾತ್ರೆಗೆ ನೋವು ಇಳಿಯಿತೇ’ ಎಂಬ ಪ್ರಶ್ನೆ ಮಾತ್ರ ಪಟ್ಟಿಯಲ್ಲಿಲ್ಲ. ನೋವು ಇಳಿದಿದ್ದು ಅಪಾಯ ಕಳೆದದ್ದಕ್ಕೆ ಸಾಕ್ಷಿಯಲ್ಲ.

ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದೆ. ನಾಳ ಪೂರ್ತಿ ಕಟ್ಟಿದ ಹೃದಯಾಘಾತಕ್ಕೆ ಅದು ಸಂಜೀವಿನಿಯೇ ಸರಿ. ಆದರೆ ಅಸ್ಥಿರ ಹೃದಯಶೂಲೆಗೆ ಹೆಪ್ಪು ಕರಗಿಸುವ ಔಷಧಿಯಿಂದ ಲಾಭವಿಲ್ಲವೆಂದು 1994ರಲ್ಲೇ ತಿಳಿದಿದೆ. ಆದ್ದರಿಂದ ‘ಇಂಜೆಕ್ಷನ್ ಕೊಡಲಿಲ್ಲ’ ಎಂದು ವೈದ್ಯರೊಡನೆ ಜಗಳಕ್ಕೆ ನಿಲ್ಲಬಾರದು. ‘ಇಂಜೆಕ್ಷನ್ ಬೇಕಾಗಲಿಲ್ಲ’ ಎಂದು ಮನೆಗೆ ಹೊರಡಲೂಬಾರದು. ಈ ರೋಗಿಗೆ ಬೇಕಾದದ್ದು ನಿಗಾ, ಮತ್ತೆ ಮತ್ತೆ ಇಸಿಜಿ, ಕೆಲವು ಗಂಟೆಗಳ ಅಂತರದಲ್ಲಿ ಟ್ರೋಪೋನಿನ್ ಪರೀಕ್ಷೆ. ಅಂಕ ಹೆಚ್ಚಿದ್ದರೆ ಬೇಗನೆ ಆಂಜಿಯೋಗ್ರಾಂ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇಸಿಜಿ ಹಾಳೆಯೊಂದಿಗೆ ಈ ಏಳು ಪ್ರಶ್ನೆಗಳ ಚೀಟಿಯನ್ನು ತುಂಬುವ ಪದ್ಧತಿ ಬರಬೇಕು. ಅದಕ್ಕೆ ಒಂದು ಹಾಳೆ, ಐದು ನಿಮಿಷ ಸಾಕು.

ಅಂಕಪಟ್ಟಿ ಜಾತಕವಲ್ಲ. ಕಡಿಮೆ ಅಂಕದವರಿಗೂ ಆಘಾತವಾಗಬಹುದು. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿನ ಬದಲು ಬರೀ ಸುಸ್ತು, ಏದುಸಿರು ಕಾಣಬಹುದು. ಕೊನೆಯ ತೀರ್ಮಾನ ವೈದ್ಯರದೇ. ಆದರೆ ಆ ತೀರ್ಮಾನಕ್ಕೆ ಬೇಕಾದ ಮಾಹಿತಿ ನಿಮ್ಮಿಂದ ಹೋಗಬೇಕು. ನೋವು ಬಂದ ಹೊತ್ತು ಬರೆದಿಡಿ. ನುಂಗುವ ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ ಒಂದೇ ಚೀಲದಲ್ಲಿರಲಿ. ಕೂತಲ್ಲೇ ನೋವು ಬಂದರೆ 108ಕ್ಕೆ ಕರೆ ಮಾಡಿ. ಕೊಯ್ಲು ನಾಲ್ಕು ದಿನ ಕಾಯುತ್ತದೆ, ಹೃದಯ ಕಾಯದು.