ಯೋಗಸಾಧಕರ ಆತ್ಮಕಥನ ಮತ್ತು ಕನ್ನಡದ ಓದು

ಯೋಗಸಾಧಕರ ಆತ್ಮಕಥನಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಂಭೀರವಾಗಿ ಓದುವುದು ವಿರಳ. ಭಕ್ತರು ಅವನ್ನು ಪಾರಾಯಣ ಮಾಡುತ್ತಾರೆ. ವ್ಯಕ್ತಿತ್ವ ವಿಕಸನದ ಆಸಕ್ತರು ಅವುಗಳಲ್ಲಿ ಉಪಾಯಗಳನ್ನು ಹುಡುಕುತ್ತಾರೆ. ವಿಮರ್ಶೆ ಮಾತ್ರ ದೂರ ನಿಲ್ಲುತ್ತದೆ. ಈ ಉದಾಸೀನದಿಂದ ನಷ್ಟವಾಗುವುದು ಕನ್ನಡಕ್ಕೇ.

ಹೈದರಾಬಾದಿನ ಹಿಮಾಯತ್‌ನಗರದಲ್ಲಿ ನೆಲೆಸಿದ ಕನ್ನಡಿಗನಿಗೆ ಮನೆಯ ಮಾತು ಕನ್ನಡ, ಬೀದಿಯ ಮಾತು ತೆಲುಗು ಮತ್ತು ಉರ್ದು, ಓದಿನ ಮಾತು ಬಹುಮಟ್ಟಿಗೆ ಇಂಗ್ಲಿಷ್. ಪರಮಹಂಸ ಯೋಗಾನಂದರು 1946ರಲ್ಲಿ ಪ್ರಕಟಿಸಿದ ಆತ್ಮಕಥೆಯಾಗಲಿ, ಬಿ.ಕೆ.ಎಸ್. ಅಯ್ಯಂಗಾರ್ ಅವರ ‘ಲೈಟ್ ಆನ್ ಲೈಫ್’ (2005) ಆಗಲಿ ಅವನಿಗೆ ಸುಲಭವಾಗಿ ದೊರೆಯುವುದು ಇಂಗ್ಲಿಷಿನಲ್ಲಿಯೇ. ಆಧುನಿಕ ಯೋಗಕ್ಕೂ ತನ್ನ ನುಡಿಗೂ ನಂಟಿಲ್ಲವೆಂದು ಅವನು ಭಾವಿಸಿದರೆ ಆಶ್ಚರ್ಯವಿಲ್ಲ. ವಸ್ತುಸ್ಥಿತಿ ಬೇರೆಯೇ ಆಗಿದೆ. ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ (1934), ‘ಯೋಗಾಸನಗಳು’ (1941), ಅವರ ಶಿಷ್ಯ ಪಟ್ಟಾಭಿ ಜೋಯಿಸರ ‘ಯೋಗಮಾಲಾ’ (1962) ಮೂರೂ ಕನ್ನಡದಲ್ಲಿಯೇ ರಚಿತವಾದ ಗ್ರಂಥಗಳು. ಕೊನೆಯದು ಇಂಗ್ಲಿಷಿಗೆ ಬಂದದ್ದು 1999ರಲ್ಲಿ.

ಆದರೆ ಇವು ಶಾಸ್ತ್ರಗಳು, ಕಥನಗಳಲ್ಲ. ಹೇಗೆ ನಿಲ್ಲಬೇಕು, ಹೇಗೆ ಉಸಿರಾಡಬೇಕು ಎಂಬುದನ್ನು ಅವು ಹೇಳುತ್ತವೆ. ಕಲಿಯುವವನ ಅಂಜಿಕೆ, ಅವಮಾನಗಳನ್ನು ಹೇಳುವುದಿಲ್ಲ. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಜನಿಸಿ, ರೋಗಗಳಿಂದ ಜರ್ಜರಿತರಾಗಿ, 1934ರಲ್ಲಿ ಭಾವನವರಾದ ಕೃಷ್ಣಮಾಚಾರ್ಯರ ಮನೆಗೆ ಬಂದ ಅಯ್ಯಂಗಾರ್ ಅವರ ಕಥನ ಈ ಕೊರತೆಯನ್ನು ತುಂಬುತ್ತದೆ. ಕನ್ನಡದ ಗ್ರಂಥದಲ್ಲಿ ಶಾಸ್ತ್ರದ ನಿರಾಕಾರ ಧ್ವನಿಯಾಗಿರುವ ಗುರು, ಶಿಷ್ಯನ ಇಂಗ್ಲಿಷ್ ಸ್ಮರಣೆಯಲ್ಲಿ ಕಠೋರ ವ್ಯಕ್ತಿಯಾಗಿ ಎದುರಾಗುತ್ತಾರೆ. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ಒಂದು ಪರಂಪರೆಯ ಪೂರ್ಣ ಮುಖ ಕಾಣುವುದು.

ಇಂತಹ ಕಥನಗಳಿಗೆ ಒಂದು ಸಹಜ ದೌರ್ಬಲ್ಯವೂ ಉಂಟು. ರೋಗ, ಸಾಧನೆ, ವಿಜಯ ಎಂಬ ಏಣಿಯಲ್ಲಿ ಪ್ರತಿಯೊಂದು ನೋವೂ ಒಂದು ಮೆಟ್ಟಿಲಾಗಿಬಿಡುತ್ತದೆ. ಇದನ್ನು ಪರೀಕ್ಷಿಸುವ ಒರೆಗಲ್ಲು ಕನ್ನಡದಲ್ಲಿಯೇ ಇದೆ. ಶೂನ್ಯಸಂಪಾದನೆಯ ಗೋರಕ್ಷನದು ಖಡ್ಗಕ್ಕೂ ಬಗ್ಗದ ವಜ್ರಕಾಯ. ಅದೇ ಖಡ್ಗ ಅಲ್ಲಮನ ಶರೀರದಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ದೇಹವನ್ನು ಗೆದ್ದವನಲ್ಲಿ ಗೆದ್ದೆನೆಂಬ ಅಹಂಕಾರ ಉಳಿದಿದೆಯೇ ಎಂಬುದು ಅಲ್ಲಿನ ಪ್ರಶ್ನೆ. ಯೋಗಿಯ ಆತ್ಮಕಥನವನ್ನು ಓದುವವರು ಕೇಳಬೇಕಾದ ಪ್ರಶ್ನೆಯೂ ಇದೇ.

ಆದುದರಿಂದ ಈ ಬರವಣಿಗೆಯನ್ನು ಪಾರಾಯಣಕ್ಕೂ ಪುಸ್ತಕದಂಗಡಿಯ ಉಪದೇಶದ ಕಪಾಟಿಗೂ ಬಿಟ್ಟುಕೊಡುವುದು ತರವಲ್ಲ. ಕನ್ನಡ ವಿಭಾಗಗಳು ಇದನ್ನು ಆತ್ಮಕಥೆಯ ಅಧ್ಯಯನದೊಳಗೆ ತರಬೇಕು. ಹಲವು ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡ ವಿದ್ಯಾರ್ಥಿಗಳು ಈ ತೌಲನಿಕ ಕಾರ್ಯಕ್ಕೆ ವಿಶೇಷವಾಗಿ ಅರ್ಹರು. ಒಳಗಿನ ಬದುಕನ್ನು ಕುರಿತು ಮಾತನಾಡಲು ಅನುಭಾವದ ನುಡಿಯೊಂದು ಎರವಲು ಶಬ್ದಗಳಿಗೆ ಕಾಯಬೇಕಾಗಿಲ್ಲ.