ಮೊದಲು ಕಲಿಸಿ, ಆಮೇಲೆ ಕೇಳಿ: ಐಟಿಐ ವಿದ್ಯಾರ್ಥಿಗಳು ಮತ್ತು ಅಪ್ರೆಂಟಿಸ್‌ಗಳ ಹಕ್ಕೊತ್ತಾಯ ಪತ್ರ

ಕೌಶಲ್ಯಾಭಿವೃದ್ಧಿ ಸಚಿವರಿಗೆ, ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಆಯುಕ್ತರಿಗೆ, ರಾಜ್ಯದ ಕೈಗಾರಿಕಾ ಮಾಲೀಕರಿಗೆ

ಮಾನ್ಯರೇ,

ಪೀಣ್ಯದಲ್ಲಿ ಕೇಳಿ, ಬೊಮ್ಮಸಂದ್ರದಲ್ಲಿ ಕೇಳಿ, ಮಾಲೀಕರದು ಒಂದೇ ಮಾತು: “ಕೆಲಸ ಇದೆ, ಕೆಲಸ ಬಲ್ಲ ಹುಡುಗರು ಸಿಗುತ್ತಿಲ್ಲ.” ಅದೇ ಶೆಡ್ಡುಗಳಲ್ಲಿ ನಾವು ಅಪ್ರೆಂಟಿಸ್‌ಗಳಾಗಿ ತಿಂಗಳುಗಟ್ಟಲೆ ಯಂತ್ರಕ್ಕೆ ಲೋಹದ ತುಂಡು (ಜಾಬ್) ಹಾಕುತ್ತ, ತೆಗೆಯುತ್ತ ನಿಂತಿದ್ದೇವೆ. ಕೆಲಸ ಬಲ್ಲವರು ಆಕಾಶದಿಂದ ಉದುರುವುದಿಲ್ಲ. ನಮ್ಮ ಒತ್ತಾಯಗಳು ಇವು:

1. ಅಪ್ರೆಂಟಿಸ್‌ಗೆ ಕೆಲಸ ಕಲಿಸಬೇಕು. ಸಿಎನ್‌ಸಿ ಯಂತ್ರಕ್ಕೆ ಜಾಬ್ ಲೋಡ್ ಮಾಡಿ ಗುಂಡಿ ಒತ್ತುವುದನ್ನು ಕಲಿಯಲು ಒಂದು ವಾರ ಸಾಕು, ವರ್ಷ ಬೇಡ. ಟೂಲ್ ಸೆಟ್ಟಿಂಗ್, ಆಫ್‌ಸೆಟ್ ಕೊಡುವುದು, ಪ್ರೋಗ್ರಾಂ ತಿದ್ದುವುದು, ಡ್ರಾಯಿಂಗ್ ಓದಿ ಟಾಲರೆನ್ಸ್ ಅಳೆಯುವುದು: ನಾಳೆ ಇಂಟರ್‌ವ್ಯೂನಲ್ಲಿ ಕೇಳುವುದೆಲ್ಲ ಇದನ್ನೇ. ಇಲ್ಲಿ ಮಾತ್ರ “ಅದನ್ನು ಸೆಟ್ಟರ್ ನೋಡಿಕೊಳ್ತಾನೆ, ನೀನು ಮುಟ್ಟಬೇಡ.” ಕಲಿತವನು ಪಕ್ಕದ ಕಾರ್ಖಾನೆಗೆ ಹಾರುತ್ತಾನೆಂಬ ಭಯ ಮಾಲೀಕರಿಗಿದೆ, ಸುಳ್ಳು ಭಯವಲ್ಲ. ಪಕ್ಕದವರೂ ಇದೇ ಭಯದಲ್ಲಿ ಕಲಿಸುತ್ತಿಲ್ಲ, ಕೊನೆಗೆ ಇಬ್ಬರಿಗೂ ಹುಡುಗರಿಲ್ಲ. ಯಾವ ತಿಂಗಳು ಏನು ಕಲಿಸಿದರೆಂದು ಲಾಗ್‌ಬುಕ್ಕಿನಲ್ಲಿ ನಾವೇ ಬರೆಯುವಂತಾಗಲಿ. ಅಪ್ರೆಂಟಿಸ್ ತರಬೇತಿಯ ಮೇಲೆ ನಿಗಾ ಇಡುವ ಶಿಶಿಕ್ಷು ಸಲಹೆಗಾರರು ಅದನ್ನು ಯಂತ್ರದ ಪಕ್ಕ ನಿಂತು ಪರಿಶೀಲಿಸಲಿ, ಆಫೀಸಿನಲ್ಲಿ ಕಾಫಿ ಕುಡಿದು ಸಹಿ ಹಾಕಿ ಹೋಗುವುದು ನಿಲ್ಲಲಿ.

2. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ನಿಯಮವಿದೆ. ಆದರೆ ಹೀಗೆ ಬಂದ ಒಂದು ಬ್ಯಾಚ್ ಹೋಗಿ ಮತ್ತೊಂದು ಬಂದು ಅದೇ ಕಾಯಂ ಕೆಲಸ ಮಾಡಿದರೆ ಅದು ತರಬೇತಿಯಲ್ಲ, ಅಗ್ಗದ ಕೂಲಿ. 2014ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ಕಾಯ್ದೆಯ 22ನೇ ಕಲಂ ಪ್ರಕಾರ, ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಮಾಲೀಕರೂ ತಮ್ಮದೇ ನೀತಿ ರೂಪಿಸಬೇಕು. ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವ ಮುಂಚೆ ಆ ನೀತಿಯ ಪ್ರತಿ ನಮ್ಮ ಕೈಗೆ ಬರಬೇಕು, ಕನ್ನಡದಲ್ಲಿ.

3. ಐಟಿಐ ಪಾಸಾದವರಿಗೆ 2019ರ ನಿಯಮ ನಿಗದಿಪಡಿಸಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ ಕಳೆದರೆ ಹಬ್ಬಕ್ಕೆ ಊರಿಗೆ ಹೋಗುವ ಬಸ್ ಚಾರ್ಜಿಗೆ ಮನೆಯವರನ್ನೇ ಕೇಳಬೇಕು. ಸ್ಟೈಪೆಂಡನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಿ. ಕೈಗಾರಿಕಾ ಪ್ರದೇಶಗಳಲ್ಲಿ ಹಾಸ್ಟೆಲ್ ಕಟ್ಟಿ, ಮೊದಲು ಹುಡುಗಿಯರಿಗೆ.

4. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದನ್ನು ಸ್ವಾಗತಿಸುತ್ತೇವೆ. ಆದರೆ ಹೊಸ ಯಂತ್ರಕ್ಕೆ ಅದನ್ನು ಓಡಿಸಬಲ್ಲ ಕಿರಿಯ ತರಬೇತಿ ಅಧಿಕಾರಿ (ಜೆಟಿಒ) ಬೇಕು, ಕತ್ತರಿಸಲು ಕಬ್ಬಿಣ ಬೇಕು, ಕೆಟ್ಟರೆ ರಿಪೇರಿಗೆ ದುಡ್ಡು ಬೇಕು. ಖಾಲಿ ಹುದ್ದೆಗಳನ್ನು ಅತಿಥಿ ಬೋಧಕರಿಂದ ತೇಪೆ ಹಾಕದೆ ಕಾಯಂ ಆಗಿ ತುಂಬಿ. ಜೆಟಿಒಗಳನ್ನೂ ಆಗಾಗ ಕಾರ್ಖಾನೆಗೆ ಕಳಿಸಿ.

5. ಡೀಸೆಲ್ ಮೆಕ್ಯಾನಿಕ್ ಮುಗಿಸಿದವರಿಗೆ ಬ್ಯಾಟರಿ ವಾಹನಗಳ ಅಲ್ಪಾವಧಿ ಕೋರ್ಸನ್ನು ಉಚಿತವಾಗಿ ಕೊಡಿ.

6. ಅಪ್ರೆಂಟಿಸ್ ಕಾರ್ಮಿಕನಲ್ಲ ಎಂದು ಕಾಯ್ದೆಯ 18ನೇ ಕಲಂ ಹೇಳುತ್ತದೆ. ಇದನ್ನು ನಮಗೆ ದಿನವೂ ನೆನಪಿಸುತ್ತಾರೆ. ಗಾಯವಾದರೆ ಮಾಲೀಕರೇ ಪರಿಹಾರ ಕೊಡಬೇಕೆಂದು 16ನೇ ಕಲಂ ಹೇಳುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ 16ನೇ ಕಲಮನ್ನು ಪ್ರತಿ ಶಾಪ್‌ನಲ್ಲೂ ಬೋರ್ಡ್ ಹಾಕಿ ಬರೆಸಿ. ಗಾರ್ಡ್ ಇಲ್ಲದ ಪ್ರೆಸ್ ಯಂತ್ರದಲ್ಲಿ ಅಪ್ರೆಂಟಿಸ್‌ನನ್ನು ನಿಲ್ಲಿಸಬೇಡಿ.

ಈ ಪತ್ರಕ್ಕೆ ಲಿಖಿತ ಉತ್ತರ ಕೊಡಿ. ಸಭೆ ಕರೆಯುವುದಾದರೆ ಭಾನುವಾರ ಕರೆಯಿರಿ, ಉಳಿದ ದಿನ ನಮಗೆ ಶಿಫ್ಟ್ ಇರುತ್ತದೆ.

ಇಂತಿ,
ರಾಜ್ಯದ ಐಟಿಐ ವಿದ್ಯಾರ್ಥಿಗಳು ಮತ್ತು ಅಪ್ರೆಂಟಿಸ್‌ಗಳು